ಗಣಿಯ ಹಣ, ಗಾಜಿನ ಸೂರು

ಲಾಸ್ ಏಂಜಲೀಸ್ ಪೇಟೆಯಲ್ಲಿ ಬ್ರಾಡ್‌ವೇ ಮತ್ತು ಮೂರನೇ ಬೀದಿ ಕೂಡುವ ಮೂಲೆಯಲ್ಲಿ ಕಂದು ಇಟ್ಟಿಗೆಯ ಐದಂತಸ್ತಿನ ಕಟ್ಟಡವೊಂದಿದೆ. ಹೊರಗೆ ನಿಂತು ನೋಡಿದರೆ ವಿಶೇಷವೇನೂ ಕಾಣದು. ಮರಳುಗಲ್ಲಿನ ಪಟ್ಟಿಗಳು, ಟೆರಾಕೋಟಾ ಫಲಕಗಳು, ಕಮಾನು ಕಿಟಕಿಗಳು. 1890ರ ದಶಕದಲ್ಲಿ ಅಮೆರಿಕದ ಯಾವ ಊರಿನ ಪೇಟೆಗೆ ಹೋದರೂ ಇಂಥ ಮುಖದ ಕಟ್ಟಡಗಳು ಸಿಗುತ್ತಿದ್ದವು. ಬಾಗಿಲು ದಾಟಿದರೆ ತಗ್ಗು ಚಾವಣಿ, ಮಬ್ಬು ಬೆಳಕು. ಇನ್ನು ನಾಲ್ಕು ಹೆಜ್ಜೆ ಮುಂದಿಟ್ಟರೆ ನೆಲದಿಂದ ಮಾಡಿನವರೆಗೆ ಪೂರಾ ತೆರೆದ ಅಂಗಳ, ಅದರ ನೆತ್ತಿಯ ಮೇಲೆ ಗಾಜಿನ ಸೂರು. ಸುತ್ತ ಪ್ರತಿ ಅಂತಸ್ತಿನಲ್ಲೂ ಮೊಗಸಾಲೆ, ಮೊಗಸಾಲೆಗೆ ಕಬ್ಬಿಣದ ಹೆಣಿಗೆಯ ಕಟಾಂಜನ, ಅಮೃತಶಿಲೆಯ ಮೆಟ್ಟಿಲು, ಎರಡು ಪಂಜರ ಲಿಫ್ಟು.

1893ರಲ್ಲಿ ತೆರೆದ ಈ ಬ್ರ್ಯಾಡ್‌ಬರಿ ಕಟ್ಟಡ ಬಾಡಿಗೆ ಆಫೀಸುಗಳಿಗೆಂದೇ ಕಟ್ಟಿಸಿದ್ದು. ಅರಮನೆಯೂ ಅಲ್ಲ, ಬ್ಯಾಂಕಿನ ಮುಖ್ಯ ಕಚೇರಿಯೂ ಅಲ್ಲ. ವಕೀಲರು, ಏಜೆಂಟರು, ಲೆಕ್ಕಪತ್ರದವರು ತಿಂಗಳ ಬಾಡಿಗೆ ಕೊಟ್ಟು ಕೂರಬೇಕಾಗಿದ್ದ ಕೋಣೆಗಳ ಕಟ್ಟಡ. ಅಂಥದ್ದಕ್ಕೆ ಇಷ್ಟೊಂದು ಖರ್ಚನ್ನು ಒಳಗಡೆಗೇ ಏಕೆ ಸುರಿದರು ಎನ್ನುವುದು ನಿಜವಾದ ಪ್ರಶ್ನೆ. ಇದರ ಬಗ್ಗೆ ಮಾತಾಡುವವರು ಹೆಚ್ಚಾಗಿ ಒಂದು ಪ್ರೇತದ ಕತೆಯಿಂದ ಶುರು ಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ. ಆ ಕತೆಗೂ ಬರೋಣ. ಆದರೆ ಮೊದಲು ದುಡ್ಡಿನ ವಿಚಾರ.

ಲೂಯಿಸ್ ಲೆನರ್ಡ್ ಬ್ರ್ಯಾಡ್‌ಬರಿ ಹುಟ್ಟಿದ್ದು 1823ರಲ್ಲಿ, ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ. ಹಣ ಮಾಡಿದ್ದು ಮೆಕ್ಸಿಕೊದಲ್ಲಿ. ಪೆಸಿಫಿಕ್ ಕರಾವಳಿಯ ಸಿನಲೋವ ರಾಜ್ಯದ ರೊಸಾರಿಯೊ ಎಂಬ ಊರಿನಲ್ಲಿ ತಾಹೊ ಎಂಬ ಚಿನ್ನ ಬೆಳ್ಳಿಯ ಗಣಿ ಅವನ ಕೈಗೆ ಬಂತು. ಮೆಕ್ಸಿಕೊದವರೇ ಆದ ಸಿಮೋನಾ ಮಾರ್ತಿನೆಸ್ ಅವರನ್ನು ಮದುವೆಯಾದ. ರೊಸಾರಿಯೊ 1655ರಿಂದ ಗಣಿಯನ್ನೇ ನಂಬಿ ಬದುಕಿದ ಊರು. ಊರಿನ ಅಡಿಯಲ್ಲೇ ಸುರಂಗಗಳು ಹರಡಿಕೊಂಡು, ನೆಲ ಕುಸಿದು, ಅಲ್ಲಿನ ಹಳೆಯ ಚರ್ಚನ್ನು ಕಲ್ಲು ಕಲ್ಲಾಗಿ ಬಿಚ್ಚಿ ಬೇರೆ ಜಾಗದಲ್ಲಿ ಕಟ್ಟಬೇಕಾಯಿತು. ಗಣಿಯ ಲಾಭದ ಲೆಕ್ಕ ಬರೆಯುವಾಗ ಈ ಖರ್ಚನ್ನು ಯಾರೂ ಸೇರಿಸುವುದಿಲ್ಲ, ಸೇರಿಸಬೇಕು.

ಬ್ರ್ಯಾಡ್‌ಬರಿ ಕುಟುಂಬ ಲಾಸ್ ಏಂಜಲೀಸಿಗೆ ಬಂದು ನೆಲೆಸಿತು. ಊರಿನ ಪೂರ್ವಕ್ಕೆ ದೊಡ್ಡ ಜಮೀನು ಕೊಂಡರು, ಈಗಲೂ ಅಲ್ಲಿ ಬ್ರ್ಯಾಡ್‌ಬರಿ ಎಂಬ ಹೆಸರಿನ ಪುಟ್ಟ ಪಟ್ಟಣವಿದೆ. ಬಂಕರ್ ಹಿಲ್ ಗುಡ್ಡದ ಮೇಲೆ ಗೋಪುರಗಳಿದ್ದ ದೊಡ್ಡ ಮನೆ ಕಟ್ಟಿಸಿದರು. ಆ ಮನೆಯನ್ನು 1929ರಲ್ಲಿ ಕೆಡವಿದರು. ಆಫೀಸು ಕಟ್ಟಡದ ಜಾಗ ಆ ಗುಡ್ಡಕ್ಕೆ ಹತ್ತಿರ, ಇಳಿದು ಬಂದರೆ ಸಿಗುವಷ್ಟು ದೂರ. 1880ರ ದಶಕದ ಭೂಮಿ ಜೂಜು 1888ರ ಹೊತ್ತಿಗೆ ಕುಸಿದಿತ್ತು. 1890ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಬರೀ 50,395. ಅಂಥ ಊರಿನಲ್ಲಿ ಬಾಡಿಗೆ ಆಫೀಸಿಗೆಂದು 1,75,000 ಡಾಲರಿನ ಅಂದಾಜಿನಲ್ಲಿ ಶುರುವಾದ ಕೆಲಸ, ಮುಗಿಯುವಾಗ ಸುಮಾರು 5,00,000 ಡಾಲರಿಗೆ ಏರಿತ್ತು. ಸಾಲದ ದುಡ್ಡಿನಲ್ಲಿ ಕಟ್ಟುವವನು ಇಂಥ ಏರಿಕೆಗೆ ಒಪ್ಪಲಾರ, ಬ್ಯಾಂಕಿನವರೂ ಒಪ್ಪಲಾರರು. ಯಾರ ಅಪ್ಪಣೆಯೂ ಬೇಕಿಲ್ಲದ ಗಣಿಯ ದುಡ್ಡು ಇದ್ದುದರಿಂದಲೇ ಇದು ಸಾಧ್ಯವಾಯಿತು. ಖರ್ಚು ಮಾಡಿದವನು ಮಾತ್ರ ಬಾಗಿಲು ತೆರೆದದ್ದನ್ನು ನೋಡಲಿಲ್ಲ. ಬ್ರ್ಯಾಡ್‌ಬರಿ 1892ರ ಜುಲೈನಲ್ಲಿ ತೀರಿಕೊಂಡ.

ಇನ್ನು ಆ ಪ್ರೇತದ ಕತೆ. ನಕ್ಷೆ ಬರೆಯಲು ಮೊದಲು ನೇಮಕವಾದವನು ಸಮ್ನರ್ ಹಂಟ್ ಎಂಬ ವಾಸ್ತುಶಿಲ್ಪಿ. ಅವನ ಕಚೇರಿಯಲ್ಲಿ ವಾರಕ್ಕೆ 5 ಡಾಲರ್ ಸಂಬಳಕ್ಕೆ ನಕ್ಷೆ ತಿದ್ದುತ್ತಿದ್ದವನು ಜಾರ್ಜ್ ವೈಮನ್. ಹಂಟ್‌ನ ಯೋಜನೆ ಬ್ರ್ಯಾಡ್‌ಬರಿಗೆ ಹಿಡಿಸಲಿಲ್ಲವಂತೆ, ನೀನೇ ಮಾಡು ಎಂದು ವೈಮನ್‌ಗೆ ಹೇಳಿದನಂತೆ. ಯಜಮಾನನ ಕೆಲಸ ಕಸಿದಂತಾಗುತ್ತದೆ ಎಂದು ವೈಮನ್ ಹಿಂಜರಿದನಂತೆ. ಆಮೇಲೆ ಹೆಂಡತಿಯೊಂದಿಗೆ ಕೂತು ಪ್ರೇತಗಳ ಸಂದೇಶ ಬರೆಯುವ ಹಲಗೆಯ ಮೇಲೆ ಕೈಯಿಟ್ಟಾಗ, ಸತ್ತುಹೋದ ತಮ್ಮ ಮಾರ್ಕ್ ಆ ಕೆಲಸ ಒಪ್ಪಿಕೋ, ಯಶಸ್ಸು ಸಿಗುತ್ತದೆ ಎಂದು ಬರೆಸಿದನಂತೆ. ಈ ಕತೆಯನ್ನು ಲೋಕಕ್ಕೆ ತಿಳಿಸಿದ್ದು ವಾಸ್ತುಶಿಲ್ಪ ವಿಮರ್ಶಕಿ ಎಸ್ತರ್ ಮೆಕಾಯ್. ವೈಮನ್‌ನ ಹೆಣ್ಣುಮಕ್ಕಳಿಂದ ಕೇಳಿ 1953ರಲ್ಲಿ ಬರೆದರು. ಅಂದರೆ ಕಟ್ಟಡ ತೆರೆದು 60 ವರ್ಷ ಆದ ಮೇಲೆ, ಮನೆಯವರ ಬಾಯಿಂದ.

ಈ ಕತೆಯ ಪಕ್ಕದಲ್ಲಿ ಇನ್ನೊಂದು ಬಾಲವಿದೆ. 1888ರಲ್ಲಿ ಬಂದ ಒಂದು ಅಮೆರಿಕನ್ ಕಾದಂಬರಿಯಲ್ಲಿ 2000ನೇ ಇಸವಿಯ ಬಾಸ್ಟನ್ನಿನ ಮಳಿಗೆಯ ವರ್ಣನೆಯಿದೆ, ನಾಲ್ಕೂ ಕಡೆಯ ಕಿಟಕಿಗಳಿಂದಲೂ ಮೇಲಿನ ಗುಮ್ಮಟದಿಂದಲೂ ಬೆಳಕು ತುಂಬಿದ ದೊಡ್ಡ ಸಭಾಂಗಣ ಅದು. ವೈಮನ್ ಅದನ್ನು ಓದಿ ಪ್ರೇರಣೆ ಪಡೆದ ಎನ್ನುತ್ತಾರೆ. ಓದಿರಬಹುದು, ಆಗ ಅದು ಲಕ್ಷಾಂತರ ಪ್ರತಿ ಖರ್ಚಾದ ಪುಸ್ತಕ. ಆದರೆ ಗಾಜಿನ ಮಾಡಿನ ಅಂಗಳಗಳು ಆ ಹೊತ್ತಿಗೆ ಷಿಕಾಗೋ, ಮಿನಿಯಾಪೊಲಿಸ್‌ಗಳ ಆಫೀಸು ಕಟ್ಟಡಗಳಲ್ಲಿ ಆಗಲೇ ಬಂದಿದ್ದವು. ಹಂಟ್ ಸಾಮಾನ್ಯನೂ ಅಲ್ಲ. ಮುಂದೆ ಲಾಸ್ ಏಂಜಲೀಸಿನ ಸೌತ್‌ವೆಸ್ಟ್ ಮ್ಯೂಸಿಯಂನಂಥ ಕಟ್ಟಡಗಳನ್ನು ಪಾಲುದಾರರೊಂದಿಗೆ ಸೇರಿ ಕಟ್ಟಿದವನು. ವೈಮನ್ ಮಾಡಿದ ಬೇರೆ ಯಾವ ಕಟ್ಟಡವೂ ಇದರ ಹತ್ತಿರಕ್ಕೂ ಬರಲಿಲ್ಲ. ವಿನ್ಯಾಸದ ಮುಖ್ಯ ಭಾಗ ಹಂಟ್‌ನದು, ಕಟ್ಟುವ ಮೇಲ್ವಿಚಾರಣೆ ವೈಮನ್‌ನದು ಎಂದು ವಾದಿಸುವ ಸಂಶೋಧಕರಿದ್ದಾರೆ, ಆ ವಾದವೇ ಹೆಚ್ಚು ತೂಕದ್ದು. ಪ್ರೇತದ ಕತೆ ಕೇಳಲು ಚೆನ್ನಾಗಿದೆ. ಆದರೆ ಲೆಕ್ಕ ಹಾಕಿ, ಅಳೆದು, ಎರಕ ಹೊಯ್ದು ಮಾಡಿದ ಕೆಲಸವನ್ನೆಲ್ಲ ಅದು ಪವಾಡದ ಖಾತೆಗೆ ಬರೆದುಬಿಡುತ್ತದೆ. ಅದು ದುಡಿದವರಿಗೆ ಮಾಡುವ ಅನ್ಯಾಯ.

ಕೆಲಸ ಕಷ್ಟವಾದದ್ದು ಪಾಯದಿಂದಲೇ. ಅಗೆಯುವಾಗ ಕೆಳಗೆ ನೀರಿನ ಒಸರು ಸಿಕ್ಕಿತು. ಬ್ರ್ಯಾಡ್‌ಬರಿ ಯುರೋಪಿನಿಂದ ಭಾರಿ ಉಕ್ಕಿನ ಹಳಿಗಳನ್ನು ತರಿಸಿ ಪಾಯವನ್ನು ಗಟ್ಟಿಮಾಡಿಸಿದನೆಂದು ಕಟ್ಟಡದ ಚರಿತ್ರೆಯಲ್ಲಿ ಹೇಳುತ್ತಾರೆ. ಪಾಯಕ್ಕೆ ರೈಲು ಹಳಿ ಹಾಕುವುದು ಆಗ ಹೊಸ ವಿದ್ಯೆ. ಷಿಕಾಗೋದ ಜೌಗು ಮಣ್ಣಿನ ಮೇಲೆ ವಾಸ್ತುಶಿಲ್ಪಿ ಜಾನ್ ರೂಟ್ 1882ರ ಮಾಂಟಾಕ್ ಕಟ್ಟಡದಲ್ಲಿ ಅದನ್ನು ಬಳಕೆಗೆ ತಂದಿದ್ದ. ಹಳಿಗಳನ್ನು ಒತ್ತೊತ್ತಾಗಿ ಒಂದು ವರಸೆ ಮಲಗಿಸಿ, ಅದರ ಮೇಲೆ ಅಡ್ಡಲಾಗಿ ಇನ್ನೊಂದು ವರಸೆ ಇಟ್ಟು, ಸಂದುಗಳಿಗೆಲ್ಲ ಕಾಂಕ್ರೀಟ್ ತುಂಬುವುದು. ಕಲ್ಲಿನ ಪಾಯವಾದರೆ ಭಾರ ಹಂಚಲು ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತಾ ಆಳಕ್ಕೆ ಹೋಗಬೇಕು, ನೆಲಮಾಳಿಗೆಯ ಅರ್ಧ ಜಾಗ ಅದಕ್ಕೇ ಹೋಗುತ್ತದೆ. ಹಳಿಯ ಹಾಸು ಕಡಿಮೆ ದಪ್ಪದಲ್ಲೇ ಅಷ್ಟು ಅಗಲಕ್ಕೆ ಭಾರ ಹರಡುತ್ತದೆ.

ನೀರು ನೆನೆದ ಮಣ್ಣಿನಲ್ಲಿ ಕಟ್ಟಡ ಒಂದಿಷ್ಟು ಇಳಿಯುವುದು ದೊಡ್ಡ ತೊಂದರೆಯಲ್ಲ. ಒಂದು ಮೂಲೆ ಹೆಚ್ಚು, ಇನ್ನೊಂದು ಕಡಿಮೆ ಇಳಿದರೆ ತೊಂದರೆ. ಇಟ್ಟಿಗೆ ಗೋಡೆ ಮೆಟ್ಟಿಲಿನ ಆಕಾರದಲ್ಲಿ ಸೀಳುತ್ತದೆ. ಇಂಥ ಕಟ್ಟಡದಲ್ಲಂತೂ ಅದಕ್ಕಿಂತ ಮೊದಲೇ ಲಿಫ್ಟಿನ ಹಳಿ ನೆಟ್ಟಗಿರದೆ ವಾಲಿ ಪಂಜರ ತಿಕ್ಕತೊಡಗುತ್ತದೆ, ಎರಕದ ಕಬ್ಬಿಣದ ಜೋಡಣೆಗಳು ಬಿರಿಯುತ್ತವೆ, ಗಾಜಿನ ಸೂರಿನ ಪಟ್ಟಿಗಳು ತಿರುಚಿಕೊಂಡು ಸೋರುತ್ತವೆ. ಮೇಲಿನ ಗಾಜು ಉಳಿಯಬೇಕಾದರೆ ಕೆಳಗಿನ ಒಸರಿಗೆ ಮೊದಲು ಉತ್ತರ ಕೊಡಬೇಕಿತ್ತು.

ಬೆಳಕಿನ ಲೆಕ್ಕ ನನಗೆ ಈ ಕಟ್ಟಡದ ಪ್ರಾಣವೆನಿಸುತ್ತದೆ. ಆಗಿನ ವಿದ್ಯುದ್ದೀಪವೆಂದರೆ ಇದ್ದಿಲ ತಂತಿಯ, 16 ಕ್ಯಾಂಡಲ್‌ಪವರಿನ ಬಲ್ಬು. ನಮ್ಮ ಹಳೆಯ 25 ವಾಟಿನ ಬಲ್ಬಿನ ಆಸುಪಾಸು. ಅದರ ಕೆಳಗೆ ಕೂತು ದಿನವಿಡೀ ಕಡತ ಬರೆಯಲಾಗದು. ಆದ್ದರಿಂದ ಆಫೀಸಿನ ಬಾಡಿಗೆ ನಿರ್ಧಾರವಾಗುತ್ತಿದ್ದುದು ಕಿಟಕಿಯಿಂದ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಎರಡು, ಹೆಚ್ಚೆಂದರೆ ಎರಡೂವರೆ ಪಟ್ಟು ಒಳಕ್ಕೆ ಮಾತ್ರ ಓದುವಷ್ಟು ಬೆಳಕು ಸಿಗುತ್ತದೆ. ಮೇಲಂಚು 10 ಅಡಿಯಲ್ಲಿದ್ದರೆ 20ರಿಂದ 25 ಅಡಿ. ಅದರಾಚೆ ಕಟ್ಟಿದ ಜಾಗ ಬರೀ ಉಗ್ರಾಣ, ಬಾಡಿಗೆ ಹುಟ್ಟದು. ಹಾಗಾಗಿ ದಪ್ಪನೆಯ ನಿವೇಶನವಿದ್ದರೆ ನಡುವೆ ತೂತು ಬಿಡಲೇಬೇಕು.

ಹೆಚ್ಚಿನ ಮಾಲೀಕರು ಬಿಡುತ್ತಿದ್ದುದು ಬಾವಿಯಂಥ ಇಕ್ಕಟ್ಟಿನ ಗಾಳಿಕಿಂಡಿ. ನಮ್ಮ ತೊಟ್ಟಿಮನೆಯಲ್ಲಿ ಬೆಳೆದವರಿಗೆ ಬ್ರ್ಯಾಡ್‌ಬರಿಯ ಉಪಾಯ ಬೇಗ ಅರ್ಥವಾಗುತ್ತದೆ. ತೂತನ್ನು ಹಿತ್ತಲ ಜಾಗದಂತೆ ಕಾಣದೆ, ಅದನ್ನೇ ಮನೆಯ ನಡುವಣ ಅಂಗಳ ಮಾಡಿ, ಓಡಾಟವನ್ನೆಲ್ಲ ಅದರ ಸುತ್ತಲಿನ ಮೊಗಸಾಲೆಗೆ ತಂದರು. ಒಳಗಿನ ಕತ್ತಲೆಯ ಕಾರಿಡಾರು ತಪ್ಪಿತು. ಬೀದಿಯ ಕಡೆಯ ಕೋಣೆಗೆ ಎರಡೂ ಬದಿಯಿಂದ ಬೆಳಕು ಸಿಕ್ಕಿತು. ಬೀದಿಯ ಕಿಟಕಿಯಿಂದ ಬಂದ ಗಾಳಿ ಅಂಗಳಕ್ಕೆ ಹಾಯ್ದು, ಬಿಸಿಯಾಗಿ ಮೇಲೇರಿ, ಸೂರಿನ ಕೆಳಗಿನ ಕಿಂಡಿಗಳಿಂದ ಆಚೆ ಹೋಗುತ್ತದೆ. ಲಾಸ್ ಏಂಜಲೀಸಿನ ಒಣಹವೆಗೆ ಇದು ಹೇಳಿ ಮಾಡಿಸಿದ್ದು. ಇದನ್ನೇ ಷಿಕಾಗೋದಲ್ಲಿ ಕಟ್ಟಿದರೆ ಚಳಿಗಾಲದಲ್ಲಿ ಕಾಸಿದ ಗಾಳಿಯೆಲ್ಲ ಮೇಲಿನ ಅಂತಸ್ತಿಗೆ ಏರಿ, ಕೆಳಗಿನವರು ನಡುಗುತ್ತಾರೆ, ಗಾಜಿನ ಒಳಮೈಯಲ್ಲಿ ಹನಿಗಟ್ಟಿ ತೊಟ್ಟಿಕ್ಕುತ್ತದೆ.

ಊರು ಇರುವುದು ಸುಮಾರು 34 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ನಡುಹಗಲು ಸೂರ್ಯ ಸುಮಾರು 79 ಡಿಗ್ರಿ ಎತ್ತರಕ್ಕೆ ಏರುತ್ತಾನೆ. ಬಿಸಿಲು ಅಡ್ಡಕ್ಕೆ 10 ಅಡಿ ಸರಿಯುವಷ್ಟರಲ್ಲಿ 50 ಅಡಿಗೂ ಹೆಚ್ಚು ಕೆಳಗಿಳಿಯುತ್ತದೆ, ಅಂದರೆ ನೆಲ ಮುಟ್ಟುತ್ತದೆ. ಡಿಸೆಂಬರ್ 21ರ ಹೊತ್ತಿಗೆ ಅದು 32 ಡಿಗ್ರಿ ಚಿಲ್ಲರೆ. ಅದೇ 10 ಅಡಿಗೆ ಆರಡಿ ಚಿಲ್ಲರೆ ಮಾತ್ರ ಇಳಿತ. ಚಳಿಗಾಲದಲ್ಲಿ ನೇರ ಬಿಸಿಲು ಮೇಲಿನ ಅಂತಸ್ತಿನ ಗೋಡೆಗೇ ಬಡಿದು ನಿಲ್ಲುತ್ತದೆ. ಕೆಳಗಿನವರಿಗೆ ಸಿಗುವುದು ಗೋಡೆಯಿಂದ ಗೋಡೆಗೆ ಪುಟಿದು ಬಂದ ಬೆಳಕು.

ಇಷ್ಟು ತಿಳಿದ ಮೇಲೆ ಒಳಗಿನ ಒಂದೊಂದು ವಸ್ತುವಿನ ಆಯ್ಕೆಗೂ ಕಾರಣ ಕಾಣುತ್ತದೆ. ಗೋಡೆಗೆ ತಿಳಿ ಹಳದಿಯ ಇಟ್ಟಿಗೆ, ಅದರಲ್ಲಿ ಬಹುಪಾಲು ಹೊಳಪು ಲೇಪದ್ದು. ಬೆಳಕನ್ನು ಹಿಂದಕ್ಕೆ ಎಸೆಯುತ್ತದೆ, ಧೂಳು ಹೊಗೆ ಕೂತರೆ ತೊಳೆದರೆ ಸಾಕು. ಕಟಾಂಜನ ಗೋಡೆಯಾಗಿಲ್ಲ, ಹೆಣಿಗೆಯಾಗಿದೆ. ಲಿಫ್ಟಿಗೆ ಇಟ್ಟಿಗೆಯ ಬಾವಿ ಕಟ್ಟದೆ ಬರೀ ಸರಳಿನ ಪಂಜರ ಬಿಟ್ಟಿದ್ದಾರೆ. ಬೆಳಕಿಗೆ ಅಡ್ಡ ಬರಬಹುದಾದ ಪ್ರತಿಯೊಂದನ್ನೂ ಅದು ತೂರಿ ಹೋಗುವಂತೆ ಮಾಡಿದ್ದಾರೆ. ಅಲಂಕಾರವೆಂದು ನಾವು ಮೆಚ್ಚುವುದರಲ್ಲಿ ಹೆಚ್ಚಿನದು ಈ ಒಂದೇ ಹಟದಿಂದ ಬಂದದ್ದು. ಮೂರು ಪಟ್ಟಾದ ಖರ್ಚಿನ ಬಹುಪಾಲು ಬೀದಿಯಲ್ಲಿ ಹೋಗುವವರ ಕಣ್ಣಿಗೆ ಬೀಳದ ಜಾಗಕ್ಕೆ ಹೋಗಿದೆ. ಗಣಿ ಶ್ರೀಮಂತರು ಕಟ್ಟಿಸಿದ ಕಟ್ಟಡಗಳಲ್ಲಿ ಇದು ಅಪರೂಪ. ಬೇರೆಯವರು ಹಣವನ್ನು ಮುಖಕ್ಕೆ ಬಳಿದರು.

ಕಬ್ಬಿಣದ ಬಗ್ಗೆ ಒಂದು ಮಾತು ಪದೇಪದೇ ಅಚ್ಚಾಗುತ್ತದೆ. ಇದನ್ನು ಫ್ರಾನ್ಸಿನಲ್ಲಿ ಮಾಡಿಸಿ, ಷಿಕಾಗೋದ ವಿಶ್ವಮೇಳದಲ್ಲಿ ಪ್ರದರ್ಶಿಸಿ, ಆಮೇಲೆ ಇಲ್ಲಿ ಕೂರಿಸಿದರು ಎಂದು. ಆದರೆ ಆ ಮೇಳ ತೆರೆದದ್ದು 1893ರ ಮೇ 1ರಂದು, ಮುಗಿದದ್ದು ಅಕ್ಟೋಬರ್ ಕೊನೆಗೆ. ಅದೇ ವರ್ಷ ತೆರೆದ ಕಟ್ಟಡದ ಮೆಟ್ಟಿಲು ಕಟಾಂಜನಗಳೆಲ್ಲ ಮೇಳ ಮುಗಿಯುವವರೆಗೂ ಷಿಕಾಗೋದಲ್ಲಿ ಇರಲು ಹೇಗಾದೀತು? ಮಾದರಿ ತುಂಡುಗಳು ಹೋಗಿದ್ದರೆ ನಂಬಬಹುದು, ಇಡೀ ಕಟ್ಟಡದ ಕಬ್ಬಿಣವೆಂದರೆ ತಾರೀಖು ಒಪ್ಪುವುದಿಲ್ಲ.

ಎಲ್ಲವನ್ನೂ ಕಮ್ಮಾರನ ಕೈಕೆಲಸವೆಂದು ಬರೆಯುವುದೂ ತಪ್ಪು. ಬಡಿದು ಮಾಡಿದ ಕಬ್ಬಿಣವೂ ಇದೆ, ಎರಕ ಹೊಯ್ದದ್ದೂ ಇದೆ. ಗುರುತಿಸುವುದು ಕಷ್ಟವಲ್ಲ. ಒಂದೇ ಹೂವು, ಒಂದೇ ಎಲೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮರುಕಳಿಸಿದರೆ ಅದು ಎರಕ. ಅಂಚಿನಲ್ಲಿ ಬೆರಳಾಡಿಸಿದರೆ ಅಚ್ಚಿನ ಎರಡು ಹೋಳು ಕೂಡಿದ ಸಣ್ಣ ಗೆರೆ ಸಿಗುತ್ತದೆ. ಬಡಿದ ಕಬ್ಬಿಣವಾದರೆ ಸುರುಳಿಗಳು ಒಂದರಂತೆ ಇನ್ನೊಂದಿರುವುದಿಲ್ಲ, ಕೂಡಿದ ಕಡೆ ಪಟ್ಟಿ ಸುತ್ತಿರುತ್ತದೆ.

ದುರಸ್ತಿ ಮಾಡುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಎರಕದ ಕಬ್ಬಿಣ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತಕ್ಕೂ ಪೆಟ್ಟಿಗೂ ಬಾಗದೆ ಬಿರಿಯುತ್ತದೆ. ಬಿರಿದದ್ದನ್ನು ಉಕ್ಕಿನಂತೆ ಸುಮ್ಮನೆ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ತುಂಡನ್ನು ಮೊದಲು ಸಮನಾಗಿ ಕಾಸಿ, ನಿಕಲ್ ಕಡ್ಡಿಯಲ್ಲಿ ಬೆಸೆದು, ನಿಧಾನವಾಗಿ ಆರಿಸಬೇಕು. ಇಲ್ಲವೆ ಬೆಂಕಿಯೇ ತೋರಿಸದೆ ಬಿರುಕಿಗೆ ಅಡ್ಡಲಾಗಿ ಲೋಹದ ಬೀಗ ಕೂರಿಸಿ ಹೊಲಿಯಬೇಕು. ತುಂಡು ಕಳೆದುಹೋಗಿದ್ದರೆ ಪಕ್ಕದ್ದನ್ನೇ ಅಚ್ಚಿಗೆ ಒತ್ತಿ ಹೊಸದು ಹೊಯ್ಯಬಹುದು ಎಂದುಕೊಳ್ಳುವವರು ಎಡವುತ್ತಾರೆ. ಎರಕದ ಕಬ್ಬಿಣ ಆರುವಾಗ ಅಡಿಗೆ ಸುಮಾರು 1/8 ಅಂಗುಲ ಕುಗ್ಗುತ್ತದೆ. ನಾಲ್ಕಡಿ ಉದ್ದದ ಫಲಕ ಅರ್ಧ ಅಂಗುಲ ಗಿಡ್ಡವಾಗಿ ಬರುತ್ತದೆ, ಬೋಲ್ಟಿನ ತೂತುಗಳು ಕೂಡುವುದಿಲ್ಲ. ಕುಗ್ಗುವಿಕೆಯನ್ನು ಸೇರಿಸಿ ಮರದಲ್ಲಿ ಹೊಸ ಮಾದರಿ ಕೆತ್ತಿಸಲೇಬೇಕು. ಹೊರಗಿನ ಇಟ್ಟಿಗೆಯೊಳಗೆ ಹುದುಗಿದ ಕಬ್ಬಿಣಕ್ಕೆ ಇನ್ನೊಂದು ಕಾಯಿಲೆ: ತುಕ್ಕು ಹಿಡಿದಾಗ ಅದು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ, ಕಲ್ಲು ಟೆರಾಕೋಟಾಗಳನ್ನು ಒಳಗಿನಿಂದ ಸೀಳುತ್ತದೆ.

ಗಾಜಿನ ಸೂರಿನ ದುರ್ಬಲ ಜಾಗ ಗಾಜಲ್ಲ, ಗಾಜನ್ನು ಪಟ್ಟಿಗೆ ಕೂರಿಸುವ ಪುಟ್ಟಿ ಎಂಬ ಮೆತ್ತು. ಬಿಸಿಲಿಗೆ ಎಣ್ಣೆ ಆರಿ, ಕಲ್ಲಾಗಿ, ಸೀಳುತ್ತದೆ. ಹಗಲು ಕಾದು ರಾತ್ರಿ ತಣಿಯುವ ಲೋಹದ ಪಟ್ಟಿ ಹಿಗ್ಗಿ ಕುಗ್ಗುವಾಗ ಆ ಸೀಳು ದೊಡ್ಡದಾಗುತ್ತದೆ. ಸೋರತೊಡಗಿದಾಗ ಮೇಲಿಂದ ಡಾಂಬರು ಬಳಿಯುವುದು ಅಗ್ಗದ ಉಪಾಯ, ಅಮೆರಿಕದ ಎಷ್ಟೋ ಒಳಾಂಗಣಗಳು ಹಾಗೆಯೇ ಕತ್ತಲಾದವು.

ಇಲ್ಲಿನ ಟಪಾಲು ಕೊಳವೆಯ ಬಗ್ಗೆಯೂ ಹೇಳಬೇಕು. ಮೇಲಿನ ಅಂತಸ್ತಿನಲ್ಲಿ ಹಾಕಿದ ಕಾಗದ ನೇರ ಕೆಳಗಿನ ಡಬ್ಬಕ್ಕೆ ಬೀಳುವ ಈ ಏರ್ಪಾಡಿಗೆ ರಾಚೆಸ್ಟರಿನ ಜೇಮ್ಸ್ ಕಟ್ಲರ್ 1883ರಲ್ಲಿ ಪೇಟೆಂಟ್ ಪಡೆದಿದ್ದ. ಕೊಳವೆಯ ಮುಂಭಾಗಕ್ಕೆ ಗಾಜು ಹಾಕುತ್ತಿದ್ದುದು ಚೆಂದಕ್ಕಲ್ಲ. ದಪ್ಪ ಲಕೋಟೆ ನಡುವೆ ಸಿಕ್ಕಿಕೊಂಡರೆ ಯಾವ ಅಂತಸ್ತಿನಲ್ಲೆಂದು ಕಾಣಬೇಕಿತ್ತು.

ಅಂಗಳ ಬೆಳಕಿಗೆ ಕೊಟ್ಟ ದಾರಿಯನ್ನೇ ಬೆಂಕಿಗೂ ಕೊಡುತ್ತದೆ. ಕೆಳಗೆ ಹೊತ್ತಿದರೆ ಹೊಗೆ ನಿಮಿಷಗಳಲ್ಲಿ ಐದನೇ ಅಂತಸ್ತಿನ ಮೊಗಸಾಲೆ ತುಂಬುತ್ತದೆ. ತಪ್ಪಿಸಿಕೊಳ್ಳಬೇಕಾದ ಮೆಟ್ಟಿಲು ಅದೇ ಹೊಗೆಯ ನಡುವೆ ಇದೆ. ಇವತ್ತಿನ ಸಾಮಾನ್ಯ ಕಟ್ಟಡ ಸಂಹಿತೆಯನ್ನು ಅಕ್ಷರಶಃ ಹೇರಿದರೆ ಮೆಟ್ಟಿಲಿಗೆ ಗೋಡೆ ಕಟ್ಟಬೇಕು, ಮೊಗಸಾಲೆಗಳನ್ನು ಮುಚ್ಚಬೇಕು. ಕ್ಯಾಲಿಫೋರ್ನಿಯಾದಲ್ಲಿ ಚಾರಿತ್ರಿಕ ಕಟ್ಟಡಗಳಿಗೆ ಪ್ರತ್ಯೇಕ ಸಂಹಿತೆಯಿದೆ. ನೀರು ಸಿಂಪಡಿಸುವ ಕೊಳವೆ, ಹೊಗೆ ಹೊರಹಾಕುವ ವ್ಯವಸ್ಥೆಗಳಂಥ ಬೇರೆ ದಾರಿಯಿಂದ ಅಷ್ಟೇ ರಕ್ಷಣೆ ತೋರಿಸಿದರೆ ಮೂಲ ರೂಪ ಉಳಿಸಿಕೊಳ್ಳಬಹುದು. ಈ ವಿನಾಯಿತಿ ಇಲ್ಲದಿದ್ದರೆ ಇಂಥ ಅಂಗಳ ಚಿತ್ರದಲ್ಲಷ್ಟೇ ಉಳಿಯುತ್ತಿತ್ತು.

ಭೂಕಂಪ ಅದಕ್ಕಿಂತ ದೊಡ್ಡ ಭಯ. 1933ರ ಲಾಂಗ್ ಬೀಚ್ ಭೂಕಂಪಕ್ಕೆ ಮುಂಚಿನ ಇಟ್ಟಿಗೆ ಗೋಡೆಗಳಲ್ಲಿ ಕಬ್ಬಿಣದ ಸರಳಿರುವುದಿಲ್ಲ. ತೊಲೆಗಳು ಗೋಡೆಯ ಗೂಡಿನಲ್ಲಿ ಬರೀ ಕೂತಿರುತ್ತವೆ. ನೆಲ ಅಲುಗಿದಾಗ ಗೋಡೆ ಹೊರಕ್ಕೆ ವಾಲುತ್ತದೆ, ತೊಲೆ ಗೂಡಿನಿಂದ ಜಾರುತ್ತದೆ, ಅಂತಸ್ತು ಬೀಳುತ್ತದೆ. ಮೊದಲು ಉದುರುವುದು ಮಾಡಿನ ಅಂಚಿನ ಗಿಡ್ಡ ಗೋಡೆ, ಅಂದರೆ ಪ್ಯಾರಪೆಟ್, ಅದೂ ಬೀದಿಯಲ್ಲಿರುವವರ ತಲೆಯ ಮೇಲೆ. 1949ರಲ್ಲೇ ಲಾಸ್ ಏಂಜಲೀಸ್ ಪ್ಯಾರಪೆಟ್‌ಗಳಿಗೆಂದು ಕಾನೂನು ತಂದಿತು. 1971ರ ಸಿಲ್ಮಾರ್ ಭೂಕಂಪದ ಪಾಠ ಕಲಿತು 1981ರಲ್ಲಿ ಇಂಥ ಎಲ್ಲ ಹಳೆಯ ಇಟ್ಟಿಗೆ ಕಟ್ಟಡಗಳನ್ನೂ ಬಲಪಡಿಸಬೇಕು, ಇಲ್ಲವೆ ಕೆಡವಬೇಕು ಎಂದು ವಿಧಿಸಿತು. ಕ್ರಮ ಹೀಗೆ: ಗಾರೆಯ ಬಲ ತಿಳಿಯಲು ಒಂದು ಇಟ್ಟಿಗೆಯ ಪಕ್ಕದ್ದನ್ನು ತೆಗೆದು ಜ್ಯಾಕಿಟ್ಟು ತಳ್ಳಿ, ಎಷ್ಟು ಒತ್ತಡಕ್ಕೆ ಜರುಗುತ್ತದೆಂದು ಅಳೆಯುತ್ತಾರೆ. ಆಮೇಲೆ ಗೋಡೆಗೆ ತೂತು ಕೊರೆದು ಪ್ರತಿ ಅಂತಸ್ತನ್ನೂ ಉಕ್ಕಿನ ಲಂಗರುಗಳಿಂದ ಬಿಗಿಯುತ್ತಾರೆ, ನೆಲದ ಹಲಗೆಯ ಮೇಲೆ ಪ್ಲೈವುಡ್ ಬಡಿದು ಇಡೀ ಅಂತಸ್ತು ಒಂದೇ ತಟ್ಟೆಯಾಗಿ ಅಲುಗುವಂತೆ ಮಾಡುತ್ತಾರೆ. ಸಾಲದಿದ್ದರೆ ಉಕ್ಕಿನ ಚೌಕಟ್ಟನ್ನೋ ಕಾಂಕ್ರೀಟ್ ಗೋಡೆಯನ್ನೋ ಒಳಗೆ ನಿಲ್ಲಿಸುತ್ತಾರೆ. ನಡುವೆ ತೂತಿರುವ ಕಟ್ಟಡದಲ್ಲಿ ಆ ತಟ್ಟೆಯೇ ಉಂಗುರವಾಗಿಬಿಡುತ್ತದೆ. ಅಂಗಳದ ಮೂಲೆಗಳಲ್ಲಿ ಒತ್ತಡ ಗುಂಪುಗೂಡುತ್ತದೆ, ಅಲ್ಲಿ ಹೆಚ್ಚಿನ ಪಟ್ಟಿ ಬೇಕು, ಅದೂ ಹೊಳಪಿನ ಇಟ್ಟಿಗೆಯನ್ನು ಒಡೆಯದೆ.

ಬ್ರ್ಯಾಡ್‌ಬರಿ ಈ ಪರೀಕ್ಷೆಗಳನ್ನೆಲ್ಲ ದಾಟಿ ಉಳಿದದ್ದಕ್ಕೆ ಜನ ಕಾರಣ. 1962ರಲ್ಲಿ ನಗರ ಸಂರಕ್ಷಣಾ ಕಾಯ್ದೆ ತಂದ ವರ್ಷವೇ ಇದು ಪಟ್ಟಿಯಲ್ಲಿ 6ನೆಯದಾಯಿತು, 1977ರಲ್ಲಿ ರಾಷ್ಟ್ರೀಯ ಚಾರಿತ್ರಿಕ ಹೆಗ್ಗುರುತಾಯಿತು. 1982ರ ಹಾಲಿವುಡ್ ಚಿತ್ರವೊಂದು ಇದನ್ನು ಮಳೆ ಸುರಿಯುವ ಕತ್ತಲೆಯ ಭವಿಷ್ಯವಾಗಿ ತೋರಿಸಿ ಜಗತ್ತಿಗೆಲ್ಲ ಪರಿಚಯಿಸಿತು. ಆದರೆ ಬಾಳಿಕೆ ಕೊಟ್ಟದ್ದು ಕಟ್ಟಡ ಉದ್ಯಮಿ ಇರಾ ಯೆಲಿನ್ 1989ರಲ್ಲಿ ಕೊಂಡ ಮೇಲೆ ವಾಸ್ತುಶಿಲ್ಪಿ ಬ್ರೆಂಡಾ ಲೆವಿನ್ ಅವರ ಕೈಯಲ್ಲಿ ನಡೆದ ಪುನರುಜ್ಜೀವನ. ದೀಪಗಳನ್ನು ಬದಲಿಸಿದರು, ದಕ್ಷಿಣದ ಉಗ್ರಾಣವನ್ನು ಹಿಂಬಾಗಿಲು ಮಾಡಿ ಪಕ್ಕದಲ್ಲಿ ಬಿಡಿ ಮೇಸನ್ ಎಂಬಾಕೆಯ ಹೆಸರಿನಲ್ಲಿರುವ ಉದ್ಯಾನಕ್ಕೆ ತೆರೆದರು. ಗುಲಾಮಗಿರಿಯಿಂದ 1856ರಲ್ಲಿ ನ್ಯಾಯಾಲಯದ ಮೂಲಕ ಬಿಡುಗಡೆ ಪಡೆದ ಸೂಲಗಿತ್ತಿ ಆಕೆ. ದುಡಿದು ಉಳಿಸಿದ 250 ಡಾಲರಿನಲ್ಲಿ 1866ರಲ್ಲಿ ಇಲ್ಲಿ ಜಾಗ ಕೊಂಡವಳು. ಅರ್ಧ ಮಿಲಿಯನ್ ಡಾಲರಿನ ಕಟ್ಟಡ ನೋಡಲು ಹೋದವರು ಆ ಉದ್ಯಾನದಲ್ಲಿರುವ ಆಕೆಯ ನೆನಪಿನ ಗೋಡೆಯನ್ನೂ ನೋಡಿ ಬರಬೇಕು.

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮವರು ಹೋಗುವುದಾದರೆ ಬಿಸಿಲಿನ ದಿನ ನಡುಹಗಲಿಗೆ ಹೋಗಿ. ಕೆಲಸದ ಕಚೇರಿಗಳಿರುವ ಕಾರಣ ಸಾರ್ವಜನಿಕರನ್ನು ಮೆಟ್ಟಿಲಿನ ಮೊದಲ ತಿರುವಿನವರೆಗೆ ಮಾತ್ರ ಬಿಡುತ್ತಾರೆ, ಲಿಫ್ಟು ಹತ್ತಿಸುವುದಿಲ್ಲ. ಅಷ್ಟೇ ಸಾಕು. ಆ ತಿರುವಿನಲ್ಲಿ ನಿಂತು ಮೊದಲು ಕಟಾಂಜನದ ಅಂಚಿನಲ್ಲಿ ಎರಕದ ಗೆರೆ ಹುಡುಕಿ, ಆಮೇಲೆ ಎದುರಿನ ಗೋಡೆಯಲ್ಲಿ ನೇರ ಬಿಸಿಲು ಯಾವ ಅಂತಸ್ತಿನವರೆಗೆ ಇಳಿದಿದೆ ನೋಡಿ. ಅಲ್ಲಿನ ಬೀದಿಗಳು ದಿಕ್ಸೂಚಿಗೆ ನೇರವಾಗಿಲ್ಲವಾದ್ದರಿಂದ ಬಿಸಿಲಿನ ಗೆರೆ ಗೋಡೆಗೆ ಓರೆಯಾಗಿ ಬೀಳುತ್ತದೆ. ಜೂನ್‌ನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಒಮ್ಮೆ ನೋಡಿದವರಿಗೆ ಹಳದಿ ಇಟ್ಟಿಗೆಗೆ ಹೊಳಪು ಲೇಪ ಏಕೆ ಕೊಟ್ಟರೆಂದು ಬೇರೆ ಹೇಳಬೇಕಾಗಿಲ್ಲ.